ತಲೆ ತಗ್ಗಿಸುವ ಬಾಗಿಲು

ಅಪ್ಪನ ತಲೆ ಕಡಿದ ಸರದಾರನನ್ನು ಕೊಲ್ಲಲೆಂದೇ ಗೆನ್‌ಜೋ ಹತ್ತು ವರ್ಷ ಜಪಾನಿನ ಚಹಾ ವಿಧಿ ಕಲಿತು ಅದರ ಗುರುವಾದ. ಝೆನ್ ಕಟ್ಟಳೆಯಂತೆ ಅವನ ಚಹಾ ಗುಡಿಸಲಿನ ಬಾಗಿಲು ಸೊಂಟದೆತ್ತರವೂ ಇರಲಿಲ್ಲ. ಎಂಥ ದೊರೆಯೂ ಕತ್ತಿಯನ್ನು ಹೊರಗಿಟ್ಟು, ತಲೆ ತಗ್ಗಿಸಿ, ತೆವಳಿಕೊಂಡೇ ಒಳಬರಬೇಕು.

ಇಂದು ಸರದಾರನೇ ಬಂದ. ತಲೆ ಒಳಗೆ ಬಂದದ್ದೇ ತಡ, ಗೆನ್‌ಜೋ ಅವನ ಕುತ್ತಿಗೆಗೆ ಚೂರಿ ಒತ್ತಿದ.

"ನಾನು ಯಾರ ಮಗ ಗೊತ್ತೇನೋ, ಕಟುಕ?"

"ಗೊತ್ತಿದ್ದೇ ಬಂದೆ ಕಣಪ್ಪ. ಕಣ್ಣು ಮುಚ್ಚಿದರೆ ನಿಮ್ಮಪ್ಪನ ಮುಖ. ನನ್ನ ಕೈಯಾರೆ ಸಾಯೋಕೆ ಧೈರ್ಯ ಸಾಲದು. ಬೇಗ ಕಡಿದುಬಿಡು, ನಿನಗೆ ಪುಣ್ಯ ಬರುತ್ತೆ."

ಗೆನ್‌ಜೋ ಹಲ್ಲು ಕಡಿದ. ಆಮೇಲೆ ಚೂರಿ ಕೆಳಗಿಟ್ಟು, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಕುಡೀರಿ ಸ್ವಾಮಿ. ನೂರು ವರ್ಷ ಬಾಳಿ."