ತುದಿ ಮುಟ್ಟಿದವನು

ಎಲ್ಲರೂ ಗಡ್ಡ ಎಂದು ಕರೆಯುವ ಅವನು ಮೆಟ್ಟಿಲು ಹತ್ತುವಾಗಲೇ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದ. ಬಾಗಿಲು ತಟ್ಟಿದ್ದು ಮೊಣಕೈಯಿಂದ. ಎರಡೂ ಕೈಗಳ ಬೆರಳ ತುದಿಗಳನ್ನು ಹಿಮ ತಿಂದುಹಾಕಿತ್ತು. ಬ್ಯಾಂಡೇಜು ಸುತ್ತಿದ ಆ ಕೈಗಳು ಇನ್ನು ಹಗ್ಗ ಹಿಡಿಯುವಂತಿರಲಿಲ್ಲ.

ಬಾಗಿಲು ತೆಗೆದವಳು ಕೋತಿಯ ಹೆಂಡತಿ. ಕೋತಿ ಅಂದರೆ ಗಡ್ಡನ ಜೊತೆಗಾರ. ಎತ್ತರದ ಕಟ್ಟಡಗಳ ಮೇಲಿಂದ ಹಗ್ಗದಲ್ಲಿ ಜೋತುಬಿದ್ದು ಗಾಜು ಒರೆಸುವುದು ಇಬ್ಬರ ಕಸುಬು. ಅಡ್ಡಹೆಸರುಗಳು ಎಷ್ಟು ಅಂಟಿಕೊಂಡಿದ್ದವೆಂದರೆ, ನಿಜವಾದ ಹೆಸರು ಹಿಡಿದು ಕರೆದರೆ ಇಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಬೆಳಗಿನ ಬಿಸಿಲಿಗೆ ಅವರು ಒರೆಸುವ ಗಾಜಿನಲ್ಲಿ ದೂರದ ಹಿಮದ ಬೆಟ್ಟ ಮೂಡುತ್ತಿತ್ತು. ವರ್ಷಗಟ್ಟಲೆ ಅದನ್ನು ಒರೆಸಿ ಒರೆಸಿ ಇಬ್ಬರಿಗೂ ಹುಚ್ಚು ಹಿಡಿಯಿತು. ರಜೆಯಲ್ಲೆಲ್ಲ ಚಿಕ್ಕಪುಟ್ಟ ಬೆಟ್ಟ ಹತ್ತಿ ಪಳಗಿದರು, ಕೊನೆಗೆ ದೊಡ್ಡದಕ್ಕೇ ಹೊರಟರು. ಹೋದವರು ಇಬ್ಬರು, ನಡೆದು ಬಂದವನು ಒಬ್ಬ. ಕೋತಿಯನ್ನು ಕಣಿವೆಯಿಂದ ಹೊತ್ತು ತಂದರು.

ಊರ ಬಾಯಿ ಸುಮ್ಮನಿರುತ್ತದೆಯೇ? ತುದಿಯ ಫೋಟೋದಲ್ಲಿ ಗಡ್ಡ ಒಬ್ಬನೇ ಇದ್ದಾನಲ್ಲ, ಕೋತಿ ಎಲ್ಲಿ ಎಂದು ಜೊತೆ ಕೆಲಸದವರೇ ಗುಸುಗುಸು ಶುರುಮಾಡಿದರು. ಅದಕ್ಕೂ ಗಡ್ಡನ ಬಳಿ ಉತ್ತರವಿತ್ತು. ನನ್ನ ಫೋನಿನಲ್ಲಿ ಅವನು ನನ್ನನ್ನು ತೆಗೆದ, ಅವನ ಫೋನಿನಲ್ಲಿ ನಾನು ಅವನನ್ನು ತೆಗೆದೆ. ಅವನ ಫೋನು ಅವನೊಂದಿಗೇ ಬಿದ್ದು ಪುಡಿಯಾಯಿತು ಎಂದಿದ್ದ.

ನಡೆದದ್ದು ಬೇರೆ. ತುದಿ ಕಣ್ಣೆದುರಿಗಿತ್ತು, ಇನ್ನೊಂದೇ ಏರು. ಅಲ್ಲಿನ ತೆಳುಗಾಳಿಯಲ್ಲಿ ಹೆಜ್ಜೆ ಹೆಜ್ಜೆಗೂ ನಿಂತು ಏದುಸಿರು ಬಿಡಬೇಕು. ಆದರೂ ಆ ಬಿಳುಪು ಸೊಂಟಕ್ಕೆ ಹಗ್ಗ ಕಟ್ಟಿದಂತೆ ಎಳೆಯುತ್ತದೆ. ಕೋತಿಯ ತೋಳಿನಲ್ಲಿ ಏನೋ ಕಿರುಗುಟ್ಟಿತು. ಅವನು ನಿಂತ. ಸಾಕು, ನಾನು ಮನೆಗೆ ಹೋಗುತ್ತೇನೆ ಎಂದ. ಗಾಳಿ ಸಾಲದೆ ತಲೆ ಕೆಟ್ಟಿದೆ ಎಂದುಕೊಂಡ ಗಡ್ಡ. ಬೈದ. ಪುಕ್ಕಲ ಎಂದೂ ಅಂದ. ಕೋತಿ ನಕ್ಕು, ಕೈ ಬೀಸಿ ಇಳಿದ, ಗಡ್ಡ ಹತ್ತಿದ. ವಾಪಸು ಬರುವಾಗ ಕೋತಿಯ ಹೆಜ್ಜೆಗುರುತು ಒಂದು ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತ್ತು.

ಇದನ್ನು ಹೋಗಿ ಅವನ ಹೆಂಡತಿಗೆ ಹೇಳುವುದೇ? ಕೈಗೆ ಬಂದದ್ದನ್ನು ಬಿಟ್ಟು ಹೆದರಿ ತಿರುಗಿದ ಎಂದು ಸತ್ತವನ ಮಾನ ಕಳೆಯುವುದೇ? ತುದಿ ಮುಟ್ಟಿದ ಎಂದರೆ ಮಗಳಾದರೂ ನಾಳೆ ತಲೆಯೆತ್ತಿ ಹೇಳಿಕೊಂಡಾಳು. ಒಬ್ಬನನ್ನೇ ಇಳಿಯಲು ಬಿಟ್ಟ ತಪ್ಪೂ ಅದರಡಿ ಮುಚ್ಚಿಹೋಗುತ್ತಿತ್ತು. ಆ ಲೆಕ್ಕವನ್ನು ಮಾತ್ರ ಗಡ್ಡ ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲೆಯ ಅಂಗಿ. ಕಿಟಕಿಯ ಸರಳಿಗೆ ಮಗಳ ಕಾಲುಚೀಲ ಒಣಗಲು ಹಾಕಿತ್ತು. ಮಗಳು ಶಾಲೆಗೆ ಹೋಗಿದ್ದಳು. ಕೋತಿಯ ಹೆಂಡತಿ ನೀರು ತಂದುಕೊಟ್ಟಳು. ಗಡ್ಡ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಒಂದು ಗುಟುಕು ಕುಡಿದ. ನೋವಿದೆಯಾ ಎಂದು ಕೇಳಿದಳು. ಇಲ್ಲ ಎಂದ. ಅದೂ ಸುಳ್ಳೇ.

ಗಂಡನನ್ನು ಯಾಕೆ ಬಿಟ್ಟುಬಂದಿರಿ ಎಂದು ಅವಳು ಕೇಳಲಿಲ್ಲ. ಯಂತ್ರದ ಮುಂದೆ ಕೂತು, ಅಂಗಿಯ ಸುಕ್ಕು ತಿದ್ದುತ್ತ ಹೇಳಿದಳು: "ಒಂದೇ ಒಂದು ಕೇಳ್ತೀನಿ. ನಿಜ ಹೇಳಿ. ಅವರು ತುದಿ ಮುಟ್ಟಿದ್ರಾ?"

"ಮುಟ್ಟಿದ, ಅತ್ತಿಗೆ. ನನಗಿಂತ ಮುಂಚೆ ಅವನೇ ಮುಟ್ಟಿದ್ದು. ಎರಡು ಗಂಟೆ ದಾಟಿತ್ತು."

ಅಂಗಿಯ ಮೇಲಿದ್ದ ಕೈ ನಿಂತಿತು. ಎರಡು ಗಂಟೆ, ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ಅಳು ತಡೆಯುತ್ತಿದ್ದಾಳೆ, ಹೆಮ್ಮೆಯ ಅಳು ಎಂದುಕೊಂಡ ಗಡ್ಡ. ಅವನ ಮಾತಿಗೆ ಕೈಕಾಲು ಬಂತು. ಕೋತಿ ಮೇಲೆ ನಿಂತು ಮಗುವಿನಂತೆ ಕುಣಿದ ಎಂದ. ಅಷ್ಟು ಖುಷಿಯನ್ನು ಅವನ ಮುಖದಲ್ಲಿ ಎಂದೂ ನೋಡಿರಲಿಲ್ಲ ಎಂದ. ಎಷ್ಟು ಕರೆದರೂ ಇಳಿಯಲು ಒಪ್ಪಲೇ ಇಲ್ಲ ಎಂದೂ ಸೇರಿಸಿದ.

ಆಗ ಯಂತ್ರದ ಡ್ರಾಯರಿನೊಳಗೆ ಏನೋ ಕಿರುಗುಟ್ಟಿತು.

ಬೆಟ್ಟದ ಮೇಲೆ ಕೋತಿಯ ತೋಳಿನಲ್ಲಿ ಗಡ್ಡ ಕೇಳಿದ್ದ ಸದ್ದೇ ಅದು. ಅವಳು ಡ್ರಾಯರು ಎಳೆದು ಒಂದು ಅಗ್ಗದ ಕೈಗಡಿಯಾರ ತೆಗೆದಳು. ದಪ್ಪ ಕೋಟಿನ ತೋಳಿನ ಮೇಲೆ ಕಟ್ಟಲು ಬರಲಿ ಎಂದು ಅದರ ಪಟ್ಟಿಗೆ ಬಟ್ಟೆ ಸೇರಿಸಿ ಹೊಲಿದು ಉದ್ದ ಮಾಡಿದ್ದಳು. ಕೋತಿಯ ಮೈಮೇಲಿಂದ ಬಿಚ್ಚಿ ಕೊಟ್ಟದ್ದು ಅದೊಂದೇ. ಗಂಟೆ ಒಂದಾಗಿತ್ತು. ಅವಳು ಅಲಾರಂ ನಿಲ್ಲಿಸಲಿಲ್ಲ, ಅದಾಗಿಯೇ ನಿಲ್ಲುವವರೆಗೆ ಅಂಗೈಯಲ್ಲಿ ಇಟ್ಟುಕೊಂಡು ಕೂತಳು.

ಹೊರಡುವ ದಿನ ಆ ಅಲಾರಂ ಇಟ್ಟುಕೊಟ್ಟವಳು ಅವಳೇ. ಇದು ಹೊಡೆದಾಗ ಎಲ್ಲಿದ್ದರೂ ತಿರುಗಿಬಿಡಬೇಕು, ತುದಿ ಮೂಗಿಗೆ ತಾಗುವಷ್ಟು ಹತ್ತಿರವಿದ್ದರೂ ಸರಿ ಎಂದಿದ್ದಳು. ಕೋತಿ ಮಾತು ಕೊಟ್ಟಿದ್ದ.

"ಸತ್ತಿದ್ದಕ್ಕೆ ಜೀವಮಾನವೆಲ್ಲ ಅಳ್ತೀನಿ, ಅದು ಬೇರೆ," ಎಂದಳು. "ಇದು ಹೊಡೆದಾಗ ಅವರಿಗೆ ಬೆಟ್ಟ ಹೆಚ್ಚಾಯ್ತೋ ನಾವು ಹೆಚ್ಚಾದ್ವೋ, ಅಷ್ಟು ಗೊತ್ತಾಗಬೇಕಿತ್ತು. ಗೊತ್ತಾಯ್ತು ಬಿಡಿ."

ಲೋಟ ಗಡ್ಡನ ಅಂಗೈಗಳಿಂದ ಜಾರಿತು. ನೀರು ನೆಲದಲ್ಲಿ ಹರಿಯಿತು. ಅವನು ಎದ್ದು ನಿಂತುಬಿಟ್ಟ.

"ಅತ್ತಿಗೆ, ನಾನು ಹೇಳಿದ್ದು ಸುಳ್ಳು. ಅವನು ಮುಟ್ಟಲಿಲ್ಲ. ಅಲಾರಂ ಹೊಡೀತು, ಅಲ್ಲೇ ನಿಂತ. ಮನೆಗೆ ಹೋಗ್ತೀನಿ ಅಂದ. ನಾನೇ ಬೈದೆ, ಪುಕ್ಕಲ ಅಂದೆ. ನಕ್ಕೊಂಡು ಇಳಿದ ಅತ್ತಿಗೆ, ನನ್ನಾಣೆಗೂ."

ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವಳು ಬಗ್ಗಿ ಲೋಟ ಎತ್ತಿಟ್ಟಳು. ಒದ್ದೆಯಾದ ಅವನ ಬ್ಯಾಂಡೇಜನ್ನು ಅರ್ಧ ಹೊಲಿದ ಅಂಗಿಯಿಂದಲೇ ಒತ್ತಿ ಒರೆಸಿದಳು, ಮಗಳ ಕೈ ಒರೆಸಿದಷ್ಟೇ ಮೆತ್ತಗೆ.

"ನೀವು ಒಳ್ಳೆಯವರು," ಎಂದಳು, "ಆದರೆ ಈಗ ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳಬೇಡಿ."