ಮನೆ ಮರೆಯುವ ತನಕ

ನಮ್ಮ ಮನೆಗಳಿಗೆ ಒಳಗಿದ್ದವರನ್ನು ಮರೆಯಲು ಮೂರು ತಿಂಗಳು ಬೇಕು. ಹಾಗಾಗಿಯೇ ನೋಟೀಸಿನ ಅವಧಿಯೂ ಮೂರು ತಿಂಗಳು. ನನ್ನ ಬಾಡಿಗೆದಾರಳು, ನರ್ಸ್ ಶಾಹಿದಾ, ವರ್ಗವಾಗಿದೆ, ಶನಿವಾರವೇ ಹೊರಡುತ್ತೇನೆ ಎಂದಾಗ ನಾನು ರೇಗಿದೆ.

"ಹಿಂದಿನಾಂವ ಹಿಂಗ ಎದ್ದು ಹೋದ. ಮೂರು ತಿಂಗಳು ಹೊಸಬರಿಗೆ ಈ ಬಾಗಿಲು ತೆರೀಲೇ ಇಲ್ಲ!"

"ಮನಿ ಒಪ್ಪಿದ್ರ ನೀವು ಒಪ್ತೀರೇನು, ಕಾಕಾ?"

"ಎಲ್ಲಿ ಒಪ್ತದ? ನಿನ್ನ ಹೆಜ್ಜಿ ಸಪ್ಪಳ ಕೇಳಿದ್ರ ಸಾಕು, ದೀಪ ಹಚ್ಚತದ."

ಮುಂದೆ ಬರಲಿದ್ದ ಬಾಡಿಗೆದಾರಳು ಗಂಗವ್ವ, ಹಸಿ ಬಾಣಂತಿ. ಶಾಹಿದಾ ಅವಳನ್ನು ಅಂದೇ ಕರೆತಂದು, ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದಳು. ಕೂಸಿಗೆ ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಕೊಟ್ಟಳು. ಮರುದಿನವೇ ಬಚ್ಚಲಿನ ನೀರು ಕೂಸಿನ ಹದಕ್ಕೆ ತಾನೇ ಕಾಯತೊಡಗಿತು. ಎಂಥ ಹೆಂಗಸು! ಕೂಸಿಗೆ ಕರಗದ ಮನೆ ಯಾವುದಿದೆ? ಕಟ್ಟಿಸಿದ ನನಗೇ ಇದು ಹೊಳೆದಿರಲಿಲ್ಲ.

ಶನಿವಾರ ಆಟೋಕ್ಕೆ ಸಾಮಾನು ಹೇರಿದ ಮೇಲೆ, ಮರೆತ ಛತ್ರಿಗಾಗಿ ಶಾಹಿದಾ ಹಿಂದಿರುಗಿ ಬಾಗಿಲ ಮೇಲೆ ಕೈಯಿಟ್ಟಳು. ಅದು ತೆರೆಯಲಿಲ್ಲ.

ಒಳಗೆ ಕೂಸು ಅಳುತ್ತಿತ್ತು. ಮನೆಯೇ ತೊಟ್ಟಿಲು ತೂಗುವ ಸದ್ದು ಕೇಳಿಸಿತು.

"ನೀ ಗೆದ್ದಿ ಬಿಡವಾ" ಎಂದೆ.

"ಹೌದು ಕಾಕಾ" ಎಂದಳು. ಕೈ ಮಾತ್ರ ಬಾಗಿಲ ಮೇಲೆಯೇ ಇತ್ತು.