ಬುಟ್ಟಿ ಸೇರಿದ ಬಿಸಿ ರೊಟ್ಟಿ

ಈಗಲೂ ಕಿತ್ತೂರಿನ ಖಾನಾವಳಿಯಲ್ಲಿ ಹಂಚಿನಿಂದ ಇಳಿದ ರೊಟ್ಟಿಯ ವಾಸನೆ ಬಂದರೆ, ನನ್ನ ಕೈ ತಟ್ಟನೆ ಮುಂದೆ ಹೋಗುವುದಿಲ್ಲ.

ಚಿಕ್ಕಂದಿನಲ್ಲಿ ಒಂದು ಮಧ್ಯಾಹ್ನ ದೊಡವಾಡದ ನಮ್ಮ ಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸಾಲಿಯಿಂದ ಹಸಿದು ಬಂದ ನಾನು ಹಂಚಿನ ಮೇಲೆ ಉಬ್ಬಿದ ರೊಟ್ಟಿಗೆ ಕೈ ಚಾಚಿದೆ. ಅವ್ವ ಕೈ ಸರಿಸಿ, ನಿನ್ನೆಯ ಸೆಟೆದ ರೊಟ್ಟಿ ಮುಂದಿಟ್ಟಳು.

"ಮೊದಲ ಹಳೇದು ತೀರ್ಲಿ. ಬಿಸೀದು ಎಲ್ಲಿ ಓಡಿ ಹೋಗತೈತಿ?"

ಬಿಸಿ ರೊಟ್ಟಿ ಬುಟ್ಟಿ ಸೇರಿತು. ಮರುದಿನ ಅದೇ ಹಳೆಯದಾಗಿ ಅವ್ವನ, ನನ್ನ ತಾಟಿಗೆ ಬರುತ್ತಿತ್ತು. ದಿನವೂ ಹೀಗೇ.

ಅಷ್ಟರಲ್ಲಿ ಅಪ್ಪ ಬಂದು ಕುಂತ. ಅವನಿಗೆ ಮಾತ್ರ ಹಂಚಿನ ಮೇಲಿನದೇ ನೇರ ತಾಟಿಗೆ ಬಿತ್ತು, ಮೇಲೊಂದಿಷ್ಟು ಬೆಣ್ಣೆ.

ನನಗೆ ಸಿಟ್ಟು ಬಂತು. "ನೀ ಯಾವಾಗರ ಬಿಸಿ ರೊಟ್ಟಿ ತಿಂದೀಯೇನ ಅವ್ವಾ?"

ಹಿಟ್ಟಿನ ಮೇಲೆ ಅವಳ ಕೈ ನಿಂತಿತು.

"ತಿಂದೇನಿ. ನಿನ್ನ ಹಡದು ಬಾಣಂತಿ ಇದ್ದಾಗ, ತವರಮನ್ಯಾಗ ನಮ್ಮವ್ವ ಮಾಡಿ ಕೊಟ್ಟಿದ್ಲು."

ಅಷ್ಟು ಹೇಳಿ ಮತ್ತೆ ಬಡಿಯತೊಡಗಿದಳು. ನಾನು ಸೆಟೆದ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿದೆ.

"ಇನ್ನೊಂದು ಹಾಕು," ಅಂದ ಅಪ್ಪ, ತಾಟಿನಿಂದ ತಲೆ ಎತ್ತದೆ.